ಟನ್ನಿಗೆ ಒಂದೂವರೆ ರೂಪಾಯಿ: ಉಳಿದ ದುಡ್ಡು ಕೊಟ್ಟವರು ಯಾರು?

ದಾಸನಕೊಪ್ಪ: ಸಂಜೆ ಬಸ್ಸಿಗೆ ಕಾಯುವವರ ಮಾತು ಮಳೆಯಿಂದ ಶುರುವಾಗಿ, ಭತ್ತದ ದರ, ಶುಂಠಿ ರೇಟು ಎಲ್ಲ ಮುಗಿಸಿ ಕೊನೆಗೆ ಬಂದು ನಿಲ್ಲುವುದು ದೊಡ್ಡ ಕುಳಗಳ ಮೇಲೆಯೇ. ಸಾವಿರಾರು ಕೋಟಿ ಬ್ಯಾಂಕ್ ಸಾಲ ಬಾಕಿ ಇಟ್ಟು 2016ರ ಮಾರ್ಚಿನಲ್ಲಿ ವಿಜಯ ಮಲ್ಯ ಲಂಡನ್ನಿಗೆ ಹಾರಿದ ಕಥೆ ಇನ್ನೂ ಹಳಸಿಲ್ಲ. ‘ನಮ್ಮಂಥವರು ಸೊಸಾಯಿಟಿಯ ಒಂದು ಕಂತು ತಪ್ಪಿಸಿದರೆ ಮನೆ ಬಾಗಿಲಿಗೆ ನೋಟೀಸು ಬರತದ, ಅವರಿಗೆ ವಿಮಾನ ಸಿಗತದ’ ಎಂದು ಒಬ್ಬರು ಅಂದರೆ ನಾಲ್ಕು ಜನ ಹೌದು ಹೌದು ಅನ್ನುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ದೊಡ್ಡವರ ಆಸೆಯ ಲೆಕ್ಕ ನೋಡಲು ಲಂಡನ್ನಿನ ತನಕ ಹೋಗಬೇಕಾಗಿಲ್ಲ. ಯಲ್ಲಾಪುರ ದಾಟಿ ಹೋದರೆ ದಾಂಡೇಲಿ. ಶಿರಸಿ ತಾಲೂಕಿನ ಈ ಮೂಡಣ ಅಂಚಿನಿಂದ ಆಚೆಗೆ ಹೊರಟರೆ ಹಾನಗಲ್ ಸೀಮೆ. ಎರಡೂ ಕಡೆ ಒಂದೊಂದು ಹಳೇ ಲೆಕ್ಕ ಇದೆ. ಎರಡನ್ನೂ ಕೂಡಿಸಿ ನೋಡುವುದು ಒಳ್ಳೆಯದು.

ಬಿದಿರಿನ ಬೆಲೆ

ಮೊದಲು ದಾಂಡೇಲಿ. ಬಂಗೂರ್ ಮನೆತನದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಂಪನಿ ಹುಟ್ಟಿದ್ದು 1955ರಲ್ಲಿ. 1959ರಿಂದ ಅಲ್ಲಿ ಕಾಗದ ಬರತೊಡಗಿತು. ಕಾಳಿ ನದಿಯ ನೀರು ಹತ್ತಿರವಿತ್ತು, ಸುತ್ತ ಎತ್ತ ನೋಡಿದರೂ ಬಿದಿರು ಮೆಳೆ. ಕಾರ್ಖಾನೆಗೆ ಇನ್ನೇನು ಬೇಕು? ಆ ಬಿದಿರನ್ನು ಸರಕಾರ ಕೊಟ್ಟ ದರ ಟನ್ನಿಗೆ 1 ರೂಪಾಯಿ 50 ಪೈಸೆ. ಈ ಲೆಕ್ಕ ಚಹಾದಂಗಡಿಯ ಗಾಳಿಸುದ್ದಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಇದೇ ಜಿಲ್ಲೆಯ ಕಾಡು ಸುತ್ತಿ ಬರೆದಿಟ್ಟದ್ದು.

ಅದೇ ಕಾಲದಲ್ಲಿ ಬುಟ್ಟಿ, ಮೊರ, ತಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮೇದಾರರು ಸಂತೆಯಲ್ಲಿ ಬಿದಿರಿಗೆ ತೆರುತ್ತಿದ್ದ ಬೆಲೆ ಇದರ ನೂರಾರು ಪಟ್ಟು. ಕಾರ್ಖಾನೆಗೆ ಟನ್ ಲೆಕ್ಕ, ಮೇದಾರನಿಗೆ ಗಳದ ಲೆಕ್ಕ. ಒಂದೇ ಕಾಡು, ಒಂದೇ ಬಿದಿರು. ತಕ್ಕಡಿ ಮಾತ್ರ ಎರಡು!

ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ಕೊಟ್ಟು ತಂದ ಮಾಲನ್ನು ಯಜಮಾನ ಇಲಿ ಮುಟ್ಟದ ಹಾಗೆ ಕಾಯುತ್ತಾನೆ. ಪುಕ್ಕಟೆ ಬಂದದ್ದು ಮಳೆಯಲ್ಲಿ ನೆನೆದರೂ ಅವನಿಗೆ ನಿದ್ದೆ ಕೆಡುವುದಿಲ್ಲ. ಮುಂದೆ ಆದದ್ದೂ ಇದೇ.

ಮುಳ್ಳಿನ ಬೇಲಿ

ಬಿದಿರು ಕಡಿಮೆಯಾಗುತ್ತಾ ಬಂತು. ದನ ಮೇಯಿಸುವ ಹಳ್ಳಿಯವರಿಂದಲೇ ಹೀಗಾಯಿತು ಎಂದು ಮೇಲಿನವರ ದೂರು. ಬುಟ್ಟಿ ಹೆಣೆಯುವವರು ಕಾರ್ಖಾನೆಯ ಕಡೆಗೆ ಬೆರಳು ತೋರಿದರು. 1970ರ ದಶಕದ ಉತ್ತರಾರ್ಧದಲ್ಲಿ ಗಾಡ್ಗೀಳ್ ತಂಡ ಕಾಡಿಗೆ ಇಳಿದದ್ದು ಈ ಜಗಳ ಬಿಡಿಸಲಿಕ್ಕೆ.

ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುವುದು ಮಲೆನಾಡಿನವರಿಗೆ ಗೊತ್ತಿದ್ದದ್ದೇ. ಮೆಳೆ ಸಲೀಸಾಗಿ ಬೆಳೆಯಲಿ ಎಂದು ಆ ಮುಳ್ಳನ್ನು ಸವರಿ ಚೊಕ್ಕಟ ಮಾಡುವ ಪದ್ಧತಿ ಇತ್ತು. ಕಡಿಯುವವರಿಗೂ ಅದರಿಂದ ಹಾದಿ ಸುಲಭ. ಹಳ್ಳಿಯವರು ಮಾತ್ರ ‘ಆ ಮುಳ್ಳೇ ಬಿದಿರಿನ ಬೇಲಿ, ಅದನ್ನ ತೆಗೆದರೆ ಕಳಲೆ ಉಳಿಯೋದಿಲ್ಲ’ ಎಂದರು. ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ಖರೆ ಆಯಿತು. ಬೇಲಿ ಹೋದ ಮೆಳೆಯ ಎಳೆ ಕಳಲೆಯನ್ನು ದನ, ಮಂಗ ಎಲ್ಲವೂ ತಿಂದು ಮುಗಿಸುತ್ತಿದ್ದವು. ಹಳೆಯದನ್ನು ಕಡಿಯುವುದು ನಡೆದೇ ಇತ್ತು, ಹೊಸದು ಮೇಲೇಳಲಿಲ್ಲ. ಹತ್ತಿರದ ಬಿದಿರು ಮುಗಿಯುತ್ತಿದ್ದಂತೆ ಕಾರ್ಖಾನೆ ದೂರ ದೂರದ ಕಾಡಿನ ಬಿದಿರಿಗೆ ಕೈ ಹಾಕಿತು. ಲಾರಿಗೆ ಚಕ್ರ ಇದೆ, ಹೋಗಬಹುದು. ಮೇದಾರ ಎಲ್ಲಿಗೆ ಹೋಗಬೇಕು?

ದಾಂಡೇಲಿ ಎಂಬ ಊರು ಬೆಳೆದದ್ದು, ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು ಕಾರ್ಖಾನೆಗಳಿಂದ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಒಂದೂವರೆ ರೂಪಾಯಿ ಎಂದು ಬರೆದ ಕೈ ಸರಕಾರದ್ದು ಎಂಬುದನ್ನೂ ಮರೆಯಬಾರದು. ಕೊಡುವವನಿಗೆ ಅದು ತನ್ನ ಮನೆಯ ಆಸ್ತಿ ಆಗಿರಲಿಲ್ಲ. ತೆಗೆದುಕೊಳ್ಳುವವನು ಬೇಡ ಅನ್ನಲಿಲ್ಲ.

ಗೋಮಾಳಕ್ಕೆ ನೀಲಗಿರಿ

ಈಗ ಮೂಡಣ ದಿಕ್ಕಿನ ಲೆಕ್ಕ. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ಅದಕ್ಕೆ ಬೇಕಾದದ್ದು ಮರದ ತಿರುಳು. 1984ರಲ್ಲಿ ರಾಜ್ಯ ಸರಕಾರವೂ ಈ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಸರಕಾರದ ಪಾಲು ನೂರಕ್ಕೆ 51, ಕಂಪನಿಯ ಪಾಲು 49. ಹೆಚ್ಚುಕಡಿಮೆ 30,000 ಹೆಕ್ಟೇರು ಜಮೀನು 40 ವರ್ಷಗಳಿಗೆ ಪುಕ್ಕಟೆ ಅನ್ನಬಹುದಾದ ದರದಲ್ಲಿ ಈ ಸಂಸ್ಥೆಯ ಕೈಗೆ. ಬೆಳೆಸುವುದು ನೀಲಗಿರಿ, ಬೆಳೆದದ್ದು ಹೋಗುವುದು ಕಾರ್ಖಾನೆಗೆ.

ಕಡತದಲ್ಲಿ ಅದು ‘ಪಾಳು ಜಮೀನು’. ಹಳ್ಳಿಯಲ್ಲಿ ಅದರ ಹೆಸರು ಗೋಮಾಳ, ಹುಲ್ಲುಗಾವಲು. ದನ ಮೇಯುವುದು ಅಲ್ಲಿ, ಸೌದೆ ತರುವುದು ಅಲ್ಲಿಂದ. ಸ್ವಂತ ಹೊಲ ಇಲ್ಲದವನೂ ಒಂದು ಎಮ್ಮೆ ಕಟ್ಟಿ ಹಾಲು ಮಾರಿ ಬದುಕುವುದು ಅದರ ಬಲದಿಂದ. ನೀಲಗಿರಿ ಎಲೆಯನ್ನು ದನ ಮೂಸುವುದೂ ಇಲ್ಲ. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಊರವರನ್ನೂ ಯಾರೂ ಕೇಳಲಿಲ್ಲ.

ಕಿತ್ತಿಕೋ, ಹಚ್ಚಿಕೋ

ಶಿರಸಿ ತಾಲೂಕಿನವರು ಆಗಲೇ ಒಂದು ದಾರಿ ತೋರಿಸಿದ್ದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ, ಕಡಿಯಲು ನಿಂತಿದ್ದ ಮರಗಳನ್ನು ತಬ್ಬಿ ಹಿಡಿದರು. ಅದೇ ಅಪ್ಪಿಕೋ. ನಾಲ್ಕು ವರ್ಷದ ಮೇಲೆ ಹಾನಗಲ್ ತಾಲೂಕಿನ ಕೂಸನೂರಿನಲ್ಲಿ ಅದರ ತಮ್ಮ ಹುಟ್ಟಿದ: ಕಿತ್ತಿಕೋ–ಹಚ್ಚಿಕೋ. ಹಚ್ಚುವುದು ಅಂದರೆ ಆ ಕಡೆಯ ಮಾತಿನಲ್ಲಿ ನೆಡುವುದು.

1987ರ ನವೆಂಬರ್ 14ರಂದು ಕೂಸನೂರಿನಲ್ಲಿ ಸುತ್ತಲಿನ ಹಳ್ಳಿಗಳ ಜನ ಕೂಡಿದರು. ಸಂಘಟಿಸಿದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಕಲ್ಲು ತೂರಲಿಲ್ಲ, ಬೆಂಕಿ ಹಚ್ಚಲಿಲ್ಲ. ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹಣ್ಣು, ಮೇವು, ಸೌದೆ ಕೊಡುವ ಗಿಡ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಡಾ. ಶಿವರಾಮ ಕಾರಂತರ ಹೆಸರೂ ಇತ್ತು. ತಡೆಯಾಜ್ಞೆ ಸಿಕ್ಕಿತು. 1990ರ ದಶಕ ಆರಂಭವಾಗುವ ಹೊತ್ತಿಗೆ ಸಂಸ್ಥೆಯನ್ನೇ ಮುಚ್ಚುವ ತೀರ್ಮಾನಕ್ಕೆ ಸರಕಾರ ಬಂತು. 51 ಪಾಲಿನ ಯಜಮಾನನಿಗೆ ಜವಾಬ್ದಾರಿ ನೆನಪು ಮಾಡಿಕೊಟ್ಟವರು ಒಂದು ಪಾಲೂ ಇಲ್ಲದ ದನಗಾಹಿಗಳು!

ನೂರಕ್ಕೆ ಎರಡು

ಈಗ ಕಾಲ ಬದಲಾಗಿದೆ ಅನ್ನುವವರಿದ್ದಾರೆ. ನಿಜ, 2013ರ ಕಂಪನಿ ಕಾಯಿದೆ ಬಂದಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಾಲೆಗೆ ಕೋಣೆ, ಊರಿಗೆ ನೀರಿನ ಟ್ಯಾಂಕು ಬರುತ್ತವೆ, ಅದರ ಮೇಲೆ ಕಂಪನಿಯ ಹೆಸರೂ ಬರುತ್ತದೆ. ಬರಲಿ, ಬೇಡ ಅನ್ನುವವರು ಯಾರು? ಆದರೆ ಆ 2 ರೂಪಾಯಿ ಎಲ್ಲಿ ಹೋಯಿತು ಎಂದು ಕೇಳುವ ಕಾಯಿದೆಯ ಜೊತೆಗೆ, ನೂರು ರೂಪಾಯಿ ಹೇಗೆ ಬಂತು ಎಂದು ಕೇಳುವ ಮನುಷ್ಯರೂ ಬೇಕು. ಒಂದೂವರೆ ರೂಪಾಯಿಗೆ ಟನ್ ಬಿದಿರು ಹೊತ್ತವರು ಆಮೇಲೆ ಎಷ್ಟು ದಾನ ಕೊಟ್ಟರೂ ಮೇದಾರನ ಬಾಕಿ ಜಮಾ ಆಗುವುದಿಲ್ಲ.

ಗೋಮಾಳ, ಕೆರೆ, ಊರ ಸೊತ್ತು ಊರಿಗೇ ಉಳಿಯಬೇಕು, ಒತ್ತುವರಿ ತೆರವಾಗಬೇಕು ಎಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಪಂಜಾಬಿನ ಒಂದು ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ತೀರ್ಪು ಪುಸ್ತಕದಲ್ಲಿದೆ. ಅದನ್ನು ಊರಿಗೆ ತರಬೇಕಾದ ಜಾಗ ಗ್ರಾಮಸಭೆ. ಅಲ್ಲಿ ಕುರ್ಚಿ ಖಾಲಿ ಇದ್ದರೆ ಹೊಸ ‘ಪಾಳು ಜಮೀನಿನ’ ಕಡತ ತಯಾರಾಗಲು ಎಷ್ಟು ಹೊತ್ತು ಬೇಕು?

ಮತ್ತೆ ಇದು ಬಿರ್ಲಾ, ಬಂಗೂರರಿಗೆ ಮಾತ್ರ ಹೇಳಿದ ಮಾತೂ ಅಲ್ಲ. ಗೋಮಾಳದ ಕಡೆಗೆ ವರ್ಷಕ್ಕೊಂದು ಗಜ ಬೇಲಿ ಸರಿಸುವವರು, ತಕ್ಕಡಿಯ ತಟ್ಟೆಗೆ ಬೆರಳು ತಾಗಿಸುವವರು ಯಾವ ಊರಿನಲ್ಲಿ ಇಲ್ಲ ಹೇಳಿ? ಕೈ ದೊಡ್ಡದಾದಷ್ಟೂ ಪಾಪದ ಅಳತೆ ದೊಡ್ಡದು, ಬುದ್ಧಿ ಅದೇ. ಸಣ್ಣ ತಕ್ಕಡಿ ನೇರ ಇಟ್ಟವನಿಗೆ ಮಾತ್ರ ದೊಡ್ಡ ತಕ್ಕಡಿಯ ಮುಂದೆ ನಿಂತು ‘ಸ್ವಾಮೀ, ತೂಕ ಸರಿ ಇಲ್ಲ’ ಅನ್ನುವ ಧೈರ್ಯ ಬರುತ್ತದೆ. ಕೂಸನೂರಿನ ದನಗಾಹಿಗಳಿಗೆ ಬಂದದ್ದು ಆ ಧೈರ್ಯ.

ಮುಂದಿನ ಸಲ ಸಂತೆಯಲ್ಲಿ ಬುಟ್ಟಿ ಕೊಳ್ಳುವಾಗ ಎಂಟಾಣೆಗೆ ಚೌಕಾಶಿ ಮಾಡುವ ಮೊದಲು ಈ ಹಳೇ ಲೆಕ್ಕ ಒಮ್ಮೆ ನೆನಪಾದರೆ ಸಾಕು. ಆ ಬಾಕಿ ಇನ್ನೂ ಯಾರೂ ಕಟ್ಟಿಲ್ಲ.