ಪಿಯು ವಿಜ್ಞಾನದಿಂದ ಎನ್‌ಡಿಎಗೆ: ದಾರಿಯಲ್ಲಿ ಮೈಸೂರಿನ ಐದು ದಿನ

ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಪುಣೆ ಬಳಿಯ ಖಡಕವಾಸ್ಲಾದಲ್ಲಿದೆ. ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಅಧಿಕಾರಿಗಳಾಗಲಿರುವವರು ಅಲ್ಲಿ ಮೂರು ವರ್ಷ ಒಟ್ಟಿಗೆ ಓದಿ, ಒಟ್ಟಿಗೆ ಕವಾಯತು ಮಾಡುತ್ತಾರೆ. ಬಿಎ, ಬಿಎಸ್‌ಸಿ, ಕಂಪ್ಯೂಟರ್ ವಿಜ್ಞಾನ, ಬಿಟೆಕ್ ಓದುವ ಅವಕಾಶವಿದೆ. ಪದವಿ ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ತರಬೇತಿ, ವಸತಿ, ಊಟದ ಖರ್ಚನ್ನು ಸರ್ಕಾರವೇ ಭರಿಸುತ್ತದೆ.

ಭೂಸೇನೆಗೆ ಯಾವ ವಿಭಾಗದಲ್ಲಿ ಪಿಯು ಓದಿದವರೂ ಅರ್ಜಿ ಹಾಕಬಹುದು. ವಾಯುಪಡೆ, ನೌಕಾಪಡೆಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕು. ಹಾಗಾಗಿ ನಂಜನಗೂಡಿನಲ್ಲೋ ತಿ.ನರಸೀಪುರದಲ್ಲೋ ಪಿಸಿಎಂ ಓದುತ್ತಿರುವವರಿಗೆ ಇದು ನೇರವಾಗಿ ಸಿಗುವ ದಾರಿ. ದ್ವಿತೀಯ ಪಿಯುನಲ್ಲಿ ಇರುವಾಗಲೇ ಅರ್ಜಿ ಸಲ್ಲಿಸಬಹುದು. ಸುಪ್ರೀಂ ಕೋರ್ಟಿನ 2021ರ ಮಧ್ಯಂತರ ಆದೇಶದ ನಂತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಅವರ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು.

ಮೊದಲ ಹೆಜ್ಜೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಲಿಖಿತ ಪರೀಕ್ಷೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯದ ಪತ್ರಿಕೆಗೆ 600. ಒಂದೊಂದಕ್ಕೂ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರು ಪ್ರಥಮ ಪಿಯುನಿಂದಲೇ ಇಂಗ್ಲಿಷ್ ಓದನ್ನು ರೂಢಿಸಿಕೊಳ್ಳಬೇಕಾಗುವುದು ಇದೇ ಕಾರಣಕ್ಕೆ.

ಲಿಖಿತ ಪರೀಕ್ಷೆ ಗೆದ್ದವರಿಗೆ ಆಯ್ಕೆ ಮಂಡಳಿಯಿಂದ ಕರೆ ಬರುತ್ತದೆ. ಅಲ್ಲಿನ ಪರೀಕ್ಷೆಗಳಿಗೂ 900 ಅಂಕ. ಭೂಸೇನೆಯ ದಕ್ಷಿಣ ಆಯ್ಕೆ ಕೇಂದ್ರ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿದೆ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನ ಸಿದ್ಧಾರ್ಥನಗರದಲ್ಲೇ ಇದೆ. ಕರೆ ಅಲ್ಲಿಗೇ ಬಂದರೆ ನಂಜನಗೂಡಿನವರು ಚಾಮರಾಜನಗರ ಮಾರ್ಗದ ರೈಲು ಹಿಡಿದು ಹೋಗಬಹುದು, ರೈಲಿಲ್ಲದ ತಿ.ನರಸೀಪುರದವರಿಗೆ ಬಸ್ಸೇ ಗತಿ. ಎರಡೂ ಊರಿನಿಂದ ದೂರ ಹೆಚ್ಚಿಲ್ಲ. ಆದರೂ ಆಯ್ಕೆ ನಡೆಯುವಷ್ಟು ದಿನ ಮಂಡಳಿಯ ಆವರಣದಲ್ಲೇ ತಂಗಬೇಕು.

ಮೊದಲ ದಿನ ಜರಡಿ ಹಿಡಿಯುವ ದಿನ. ಬುದ್ಧಿಶಕ್ತಿಯ ಪರೀಕ್ಷೆಯಾದ ಮೇಲೆ ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ. ಅದರಲ್ಲಿ ಯಾರಿದ್ದಾರೆ, ಏನು ನಡೆಯುತ್ತಿದೆ ಎಂದು ನಾಲ್ಕು ನಿಮಿಷದಲ್ಲಿ ಕಥೆ ಬರೆದು, ಆಮೇಲೆ ಗುಂಪಿನಲ್ಲಿ ಕೂತು ಚರ್ಚಿಸಬೇಕು. ಇಲ್ಲಿ ಆಯ್ಕೆಯಾಗದವರು ಅಂದೇ ಊರಿಗೆ ಮರಳುತ್ತಾರೆ. ಉಳಿದವರಿಗೆ ಎದೆಯ ಮೇಲೆ ಕಟ್ಟಿಕೊಳ್ಳಲು ಚೆಸ್ಟ್ ನಂಬರ್ ಸಿಗುತ್ತದೆ. ಮುಂದಿನ ದಿನಗಳಲ್ಲಿ ಅದೇ ಅವರ ಹೆಸರು.

ಮುಂದಿನದು ಮನಶ್ಶಾಸ್ತ್ರದ ಪರೀಕ್ಷೆ. ಒಂದೊಂದು ಪದವೂ ಪರದೆಯ ಮೇಲೆ 15 ಸೆಕೆಂಡು ಮೂಡುತ್ತದೆ. ಅಷ್ಟರಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಅಂಥ 60 ಪದಗಳು. ಅದಾದ ಮೇಲೆ ಮೈದಾನದ ಕೆಲಸ. ಗುಂಪಿಗೆ ಒಂದು ಹಲಗೆ, ಒಂದು ಕೊರಡು, ಒಂದು ಹಗ್ಗ ಕೊಡುತ್ತಾರೆ. ನೆಲ ಮುಟ್ಟದೆ, ಕೆಂಪು ಬಣ್ಣ ಬಳಿದ ಭಾಗಕ್ಕೆ ತಾಗದೆ ಎಲ್ಲರೂ ಆಚೆ ದಾಟಬೇಕು. ಹಲಗೆ ಗಿಡ್ಡವಾದಾಗ ಯಾರು ಉಪಾಯ ಹೇಳಿದರು, ಯಾರು ಬೇರೆಯವರ ಮಾತಿಗೆ ಕಿವಿಗೊಟ್ಟರು, ಹಿಂದೆ ಉಳಿದವನಿಗೆ ಯಾರು ನೆರವಿನ ಕೈ ಚಾಚಿದರು ಎಂಬುದನ್ನು ಅಧಿಕಾರಿ ಗಮನಿಸುತ್ತಿರುತ್ತಾರೆ. ನಡುವೆ ಒಂದು ದಿನ ಸಂದರ್ಶನ. ಮನೆ, ಊರು, ಗೆಳೆಯರು, ಓದು ಎಲ್ಲವೂ ಅದರಲ್ಲಿ ಬರುತ್ತವೆ.

ಮನಶ್ಶಾಸ್ತ್ರಜ್ಞರು, ಸಂದರ್ಶಕರು, ಮೈದಾನದ ಅಧಿಕಾರಿ ಮೂವರೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಕೊನೆಯ ದಿನದ ಕಾನ್ಫರೆನ್ಸ್‌ನಲ್ಲಷ್ಟೇ ಮೂರೂ ಅಭಿಪ್ರಾಯಗಳು ಎದುರುಬದುರಾಗುತ್ತವೆ. ಮನಸಾ, ವಾಚಾ, ಕರ್ಮಣಾ ಒಂದೇ ಆಗಿರಬೇಕು ಎಂಬುದು ಈ ಪದ್ಧತಿಯ ತಿರುಳು. ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ಉತ್ತರ ಒಬ್ಬರ ಮುಂದೆ ನಿಂತರೂ ಮೂವರ ಮುಂದೆ ನಿಲ್ಲುವುದು ಕಷ್ಟ. ಮನೆಯ ಕೆಲಸಕ್ಕೆ ಹೆಗಲು ಕೊಟ್ಟ, ನಾಲ್ಕು ಜನರೊಂದಿಗೆ ಹೊಂದಿಕೊಂಡು ಬೆಳೆದ ಹಳ್ಳಿಯ ಮಕ್ಕಳು ಇಲ್ಲಿ ಅಳುಕಬೇಕಾದ ಕಾರಣವೇ ಇಲ್ಲ.

ಮಂಡಳಿ ಶಿಫಾರಸು ಮಾಡಿದವರಿಗೆ ವೈದ್ಯಕೀಯ ತಪಾಸಣೆ ಇರುತ್ತದೆ. ಆಮೇಲೆ ಅಂತಿಮ ಪಟ್ಟಿ. ಆಯ್ಕೆಯಾಗದವರು ವಯಸ್ಸಿನ ಮಿತಿಯೊಳಗೆ ಮತ್ತೆ ಪ್ರಯತ್ನಿಸಬಹುದು. ಪೈಲಟ್ ಆಗಬಯಸುವವರಿಗೆ ಪ್ರತ್ಯೇಕವಾಗಿ ಒಂದು ಕಂಪ್ಯೂಟರ್ ಪರೀಕ್ಷೆಯೂ ಇರುತ್ತದೆ. ಅಕಾಡೆಮಿ ಸೇರಲು ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. ಆದ್ದರಿಂದ ಈ ದಾರಿಯ ವಿಚಾರವನ್ನು ಉಪನ್ಯಾಸಕರೂ ಹೆತ್ತವರೂ ಮಕ್ಕಳಿಗೆ ಪ್ರಥಮ ಪಿಯುನಲ್ಲೇ ತಿಳಿಸಬೇಕು.