ಗಂಗಾಳದ ಅಂಚಿನ ಉಳ್ಳಾಗಡ್ಡಿ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಬಿಳಿಜೋಳದ ರೊಟ್ಟಿ, ಎಣ್ಣಿಗಾಯಿ ಪಲ್ಲೆ, ಗಟ್ಟಿ ಮಸರು, ಶೇಂಗಾ ಹಿಂಡಿ, ಅಗಸಿ ಹಿಂಡಿ. ಗಂಗಾಳದ ಅಂಚಿಗೆ ಒಂದು ಹಸಿ ಉಳ್ಳಾಗಡ್ಡಿ, ಲಿಂಬಿಯ ಹೋಳು. ನನಗೋ ಕ್ಯಾಲೊರಿ ಎಣಿಸುವ ಚಟ. ಉಳ್ಳಾಗಡ್ಡಿ 100 ಗ್ರಾಮಿಗೆ 40, ಲಿಂಬಿ 30. ಲೆಕ್ಕಕ್ಕೇ ಬಾರದ ಸಾಮಾನು ಎಂದು ಎರಡನ್ನೂ ಬದಿಗೆ ಸರಿಸಿದೆ.

"ಅದನ್ಯಾಕ ಬಿಟ್ಟಿಯೋ ಯಪ್ಪಾ? ಗುದ್ದಿ ತಿನ್ನು," ಅಂದರು ಬಡಿಸುತ್ತಿದ್ದ ಅಜ್ಜಿ.

ಗುದ್ದಿ ತಿಂದೆ. ಅಜ್ಜಿಯ ಮಾತಿನಲ್ಲಿ ಎಷ್ಟು ದೊಡ್ಡ ಗುಟ್ಟಿತ್ತೆಂದು ತಿಳಿದದ್ದು ಮಾತ್ರ ಊರಿಗೆ ಮರಳಿ ಓದಲು ಕೂತಾಗ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜೋಳದಲ್ಲಿ ಕಬ್ಬಿಣಾಂಶವೇನೋ ಇದೆ, ಆದರೆ ಕಾಳಿನಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಬಿಗಿಹಿಡಿದು ಕೂತಿರುತ್ತದೆ. ಹೊಟ್ಟೆಗೆ ಹೋದರೂ ಮೈಗೆ ಹತ್ತುವುದು ಕಡಿಮೆ. ಅವರು ಪ್ರಯೋಗಾಲಯದಲ್ಲೇ ಹೊಟ್ಟೆ, ಕರುಳುಗಳ ಜೀರ್ಣಕ್ರಿಯೆ ನಡೆಸಿ, ಅಕ್ಕಿ, ಜೋಳ, ಕಡಲೆ, ಹೆಸರುಗಳ ಜೊತೆ ಬಳ್ಳೊಳ್ಳಿ, ಉಳ್ಳಾಗಡ್ಡಿ ಕೂಡಿಸಿ ನೋಡಿದರು. ಬಿಡುಗಡೆಯಾಗಿ ಸಿಕ್ಕ ಕಬ್ಬಿಣ, ಧಾನ್ಯಗಳಲ್ಲಿ ಸುಮಾರು ಶೇ. 9ರಿಂದ 66ರವರೆಗೆ ಏರಿತು! ಜೋಳ, ಉಳ್ಳಾಗಡ್ಡಿ, ಬಳ್ಳೊಳ್ಳಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದರೂ ಈ ಮೂವರು ಒಟ್ಟಿಗೇ ಇರುತ್ತಾರಲ್ಲ! ಇನ್ನು ಲಿಂಬಿ? ಅದರ ಸಿ ಜೀವಸತ್ವವೂ ಸಸ್ಯಾಹಾರದ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಲಿಂಬಿ ಇಂಡಿಯದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅಲ್ಲೇ. ಅಂಥ ಊರಲ್ಲಿ ಕೂತು ನಾನು ಲಿಂಬಿಯನ್ನು ಬದಿಗೆ ಸರಿಸಿದ್ದೆ.

ಹಿಂಡಿಯ ಕಥೆ ಇನ್ನೂ ಬೆರಗಿನದು. ಅಗಸಿ 100 ಗ್ರಾಮಿಗೆ 530ರಷ್ಟು ಕ್ಯಾಲೊರಿ. ನನ್ನ ಪಟ್ಟಿಯಲ್ಲಿ ಅದು ಅಪರಾಧಿ. ಆದರೆ 10 ಗ್ರಾಂ ಅಗಸಿಯಲ್ಲಿ 2 ಗ್ರಾಮಿಗೂ ಮೀರಿ ಒಮೆಗಾ-3 ಇದೆ. ದಿನಕ್ಕೆ ಗಂಡಸಿಗೆ ಸಾಕೆನ್ನುವುದು 1.6 ಗ್ರಾಂ, ಹೆಂಗಸಿಗೆ 1.1. ಮೀನಿಲ್ಲದ ಬಯಲುಸೀಮೆಯ ಅಡುಗೆಮನೆಯಲ್ಲಿ ಇದು! (ಮೀನಿನಲ್ಲಿರುವ ಒಮೆಗಾ-3 ಬೇರೆ ಬಗೆಯದು; ಅಗಸಿಯದನ್ನು ಮೈ ಸ್ವಲ್ಪವೇ ಆ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ.) ಇಡೀ ಕಾಳು ನುಂಗಿದರೆ ಅದು ಹೊಳೆಯುವ ಸಿಪ್ಪೆಯ ಸಮೇತ ಹಾಗೇ ಹೊರಗೆ ಹೋಗಿಬಿಡಬಹುದು. ಹುರಿದು, ಬಳ್ಳೊಳ್ಳಿ, ಖಾರ, ಉಪ್ಪು ಕೂಡಿಸಿ ಒರಳಲ್ಲಿ ಕುಟ್ಟಿದ ಕೈಗಳು ಆ ಸಿಪ್ಪೆಯ ಬೀಗವನ್ನು ಎಂದೋ ಒಡೆದಿದ್ದವು. ಕುಟ್ಟಿದ ಮೇಲೆ ಎಣ್ಣೆ ಬೇಗ ಕಮಟುತ್ತದೆ, ಅದಕ್ಕೇ ಹಿಂಡಿ ಒಮ್ಮೆಗೆ ಸ್ವಲ್ಪ.

ಇನ್ನು ಪಲ್ಲೆಗೆ ಹಾಕುವ, ಅರಿಶಿಣ, ಮೆಣಸು ಕೂಡಿದ ಮಸಾಲಿ ಖಾರದ ಬಗ್ಗೆ ಒಂದೇ ಮಾತು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅರಿಶಿಣದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ ಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಹಲವು ಪಟ್ಟು ಏರಿತ್ತು. ಪಲ್ಲೆಯ ಚಿಟಿಕೆ ಅರಿಶಿಣದಲ್ಲಿ ಅಷ್ಟು ಕರ್ಕ್ಯುಮಿನ್ ಇರುವುದಿಲ್ಲ, ಸುಮ್ಮನೆ ಹಿಗ್ಗಬಾರದು.

ಹಾಗಾದರೆ ಕ್ಯಾಲೊರಿ ಎಲ್ಲಿ ಅಡಗಿದೆ? ಚಹಾದ ಲೋಟದಲ್ಲಿ. ಬರಿಯ ಡಿಕಾಕ್ಷನ್‌ನದು ಎರಡೇ ಕ್ಯಾಲೊರಿ. ಎರಡು ಚಮಚ ಸಕ್ಕರಿಗೆ 40. ದಿನಕ್ಕೆ ನಾಲ್ಕು ಲೋಟ ಹೊಡೆಯುವವರು ಸಕ್ಕರಿಯಲ್ಲೇ ಹೆಚ್ಚುಕಡಿಮೆ ಒಂದು ರೊಟ್ಟಿ ಉಂಡಂತೆ. ಅದಕ್ಕಿಂತ ಚುಚ್ಚಿದ ಸಂಗತಿ ಇನ್ನೊಂದು: ಊಟದ ಬೆನ್ನಿಗೇ ಕುಡಿದ ಚಹಾದ ಒಗರು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಉಳ್ಳಾಗಡ್ಡಿ ಬಿಡಿಸಿದ್ದನ್ನು ಚಹಾ ಹಿಡಿದುಕೊಂಡಂತೆ.

ಮುಂದಿನ ಸಲ ಇಂಡಿಗೆ ಹೋದಾಗ ಉಂಡೆದ್ದು ಒಂದು ತಾಸು ಬಜಾರಿನಲ್ಲಿ ತಿರುಗಾಡಿ, ಆಮೇಲೆ ಚಾದಂಗಡಿ ಹೊಕ್ಕೆ. ಹಾಲು, ಸಕ್ಕರಿ ಬೇಡ, ಅರ್ಧ ಲಿಂಬಿ ಕೊಡ್ರಿ ಅಂದೆ. ಅಂಗಡಿಯವರು ನನ್ನನ್ನೊಮ್ಮೆ ನೋಡಿ, "ಆರಾಮ ಅದೀರಿಲ್ರೀ?" ಅಂದರು. ಲಿಂಬಿ ಹಿಂಡಿದೆ. ಕಪ್ಪಗಿದ್ದ ಚಹಾ ಕಣ್ಣೆದುರೇ ತಿಳಿಯಾಗುತ್ತ, ಜೇನಿನ ಬಣ್ಣಕ್ಕೆ ತಿರುಗಿತು. ಅವರೂ ಲೋಟದೊಳಗೆ ಬಗ್ಗಿ ನೋಡಿದರು.