ಕೈಕಾಲು ಕಟ್ಟುವ ಮೊದಲು

ಮನೆಯವರೊಬ್ಬರು ಇದ್ದಕ್ಕಿದ್ದಂತೆ ಕೂಗಾಡಿ, ಹಿಡಿಯಲು ಬಂದವರನ್ನೇ ಕಚ್ಚಿ ಪರಚತೊಡಗಿದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಹಗ್ಗ. ನಾಲ್ಕು ಜನ ಅದುಮಿ ಹಿಡಿದು, ಕೈಕಾಲು ಬಿಗಿದು, ಸಿಕ್ಕಿದ ಗಾಡಿಯಲ್ಲಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ಯುವುದೇ ಜಾಣತನ ಅನಿಸುತ್ತದೆ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡಿನಿಂದ 30ರ ಆಸುಪಾಸು. ಅಷ್ಟು ದೂರ ರೋಗಿಯನ್ನು ಕಟ್ಟಿಹಾಕಿ ಸಾಗಿಸುವುದಕ್ಕಿಂತ, ಹತ್ತಿರದ ಆಸ್ಪತ್ರೆಯಲ್ಲೇ ಕಾರಣ ಹುಡುಕಿ, ಬೇಕಿದ್ದರೆ ಶಾಂತಗೊಳಿಸುವ ಇಂಜೆಕ್ಷನ್ ಕೊಟ್ಟು, ಉಸಿರಾಟದ ಮೇಲೆ ಕಣ್ಣಿಟ್ಟು, ಆಮೇಲೆ ಕಳುಹಿಸುವುದು ಹೆಚ್ಚು ಸುರಕ್ಷಿತ. ಕಟ್ಟಿನೊಳಗೆ ಸಿಕ್ಕವರು ಸುಮ್ಮನಿರುವುದಿಲ್ಲ, ಕೊಸರಾಡುತ್ತಲೇ ಇರುತ್ತಾರೆ. ಮೈ ಬಿಸಿಯೇರುತ್ತದೆ, ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ, ಸ್ನಾಯುಗಳು ಹಾಳಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದರಂತೂ ಉಸಿರೇ ನಿಲ್ಲಬಹುದು.

ರೇಗಾಟವೆಲ್ಲ ಮನೋರೋಗವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟವರಲ್ಲಿ ಸಕ್ಕರೆ ಅಂಶ ಕುಸಿದರೆ ಅವರೂ ಹೀಗೆಯೇ ಕೂಗಾಡಬಹುದು. ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟರೆ ನಿಮಿಷಗಳಲ್ಲಿ ತಿಳಿಯಾಗುತ್ತಾರೆ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲ ಆಘಾತಕ್ಕೆ ಸಿಕ್ಕವರು ಬಡಬಡಿಸುತ್ತಾರೆ. ಅವರಿಗೆ ಬೇಕಿರುವುದು ಮೈ ತಣಿಸುವ ಚಿಕಿತ್ಸೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಕೀಟನಾಶಕ ಒಳಹೊಕ್ಕವರಿಗೆ ಅಟ್ರೋಪಿನ್ ಕೊಡುತ್ತಾರೆ. ಅದರ ಪ್ರಮಾಣ ಹೆಚ್ಚಾದರೆ ಬಾಯಿ ಒಣಗಿ, ಮೈ ಸುಟ್ಟು, ರೋಗಿ ಭ್ರಮೆಗೆ ಬಿದ್ದು ಡ್ರಿಪ್ ಕಿತ್ತುಕೊಳ್ಳುತ್ತಾರೆ. ಇನ್ನು ದಿನವೂ ಕುಡಿಯುವವರು ಕಾಲು ಮುರಿದುಕೊಂಡು ವಾರ್ಡಿಗೆ ಸೇರಿದರೆ, ಎರಡು ಮೂರು ದಿನದಲ್ಲಿ ಕೈ ನಡುಗಿ, ಬೆವರಿ, ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕತೊಡಗುವುದುಂಟು. ಇವರಿಗೆ ಲೊರಾಜೆಪಾಮ್ ಅಥವಾ ಡಯಾಜೆಪಾಮ್, ಜೊತೆಗೆ ಥಯಾಮಿನ್ ಬೇಕು. ಆದ್ದರಿಂದ ಸಕ್ಕರೆ, ಆಮ್ಲಜನಕ, ಜ್ವರ, ತಲೆಗೆ ಪೆಟ್ಟು ಈ ನಾಲ್ಕನ್ನೂ ನೋಡದೆ ಮಂಪರು ಬರಿಸಿದರೆ ರೋಗ ಒಳಗೇ ಉಳಿದು ರೋಗಿ ಮಾತ್ರ ಸುಮ್ಮನಾಗುತ್ತಾರೆ.

ನಿಜವಾಗಿಯೂ ಮನೋರೋಗದ ಉದ್ರೇಕವೇ ಆಗಿದ್ದರೆ ಯಾವ ಔಷಧ ಎಂಬುದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಸಿಕ್ಕಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಹೀಗೆ ಬಂದ 200 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಲೊರಾಜೆಪಾಮ್, ಇನ್ನೊಂದಕ್ಕೆ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜೀನ್ ಕೊಟ್ಟರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಾಲ್ಕು ಗಂಟೆಯ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ. 96 ಮಂದಿ ಶಾಂತರಾಗಿದ್ದರು ಇಲ್ಲವೇ ಮಲಗಿದ್ದರು. ಜೋಡಿ ಔಷಧದ ಗುಂಪಿನಲ್ಲಿ ನಿದ್ದೆಗೆ ಜಾರಿದವರು ಶೇ. 76, ಲೊರಾಜೆಪಾಮ್ ಪಡೆದವರಲ್ಲಿ ಶೇ. 45. ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟಾಗ ಕತ್ತು, ನಾಲಿಗೆ ಸೆಟೆದುಕೊಳ್ಳುವ ತೊಂದರೆ ಕಾಡುತ್ತದೆ. ಪ್ರೊಮೆಥಜೀನ್ ಸೇರಿಸಿದರೆ ಅದು ತಪ್ಪುತ್ತದೆ ಎಂದು ಬ್ರೆಜಿಲ್‌ನ ರಿಯೊದಲ್ಲಿ ನಡೆದ ಇನ್ನೊಂದು ಅಧ್ಯಯನ ತೋರಿಸಿತು. ಇವೆಲ್ಲ ಹಳೆಯ, ಅಗ್ಗದ ಔಷಧಗಳು. ತೊಡೆಯ ಸ್ನಾಯುವಿಗೆ ಕೊಡಬಹುದಾದ್ದರಿಂದ ಕೊಸರಾಡುವವರ ರಕ್ತನಾಳ ಹುಡುಕುವ ಕಷ್ಟವೂ ಇಲ್ಲ.

ನಿದ್ದೆ ಬರಿಸಿ ದಾರಿಯಲ್ಲಿ ಉಸಿರು ನಿಂತರೆ ಯಾರು ಹೊಣೆ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಕುಡಿದ ಅಮಲಿನಲ್ಲಿರುವವರಿಗೆ, ವೃದ್ಧರಿಗೆ ಪ್ರಮಾಣ ಕಡಿಮೆ ಮಾಡಲೇಬೇಕು. ಆದರೆ ಪರಿಹಾರ ಔಷಧವನ್ನು ಕೈಬಿಡುವುದರಲ್ಲಿಲ್ಲ, ಕಾವಲಿನಲ್ಲಿದೆ: ಇಂಜೆಕ್ಷನ್ ಆದ ಮೇಲೆ ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಉಸಿರು, ನಾಡಿ, ರಕ್ತದೊತ್ತಡವನ್ನು ಮತ್ತೆ ಮತ್ತೆ ನೋಡಿ ಬರೆದಿಡಬೇಕು. ಆಂಬುಲೆನ್ಸ್‌ನಲ್ಲಿ ಆಮ್ಲಜನಕವೂ ತರಬೇತಾದ ಸಿಬ್ಬಂದಿಯೂ ಇರಬೇಕು.

ಮನೋವೈದ್ಯರಿಲ್ಲದ ಕಡೆ ಇದೆಲ್ಲ ಆಗದ ಮಾತು ಎನ್ನುವವರಿಗೆ ಬಳ್ಳಾರಿ ಜಿಲ್ಲೆಯೇ ಉತ್ತರ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೇ ಜಿಲ್ಲೆಯನ್ನು ಆರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಮುಖ್ಯ ಔಷಧಗಳನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ದೀರ್ಘಕಾಲದ ಮನೋರೋಗವನ್ನೇ ಸಾಮಾನ್ಯ ವೈದ್ಯರು ನೋಡಿಕೊಳ್ಳಬಲ್ಲರು ಎಂದು ದೇಶಕ್ಕೆ ತೋರಿಸಿದ ಜಿಲ್ಲೆಯಲ್ಲಿ, ಒಂದೆರಡು ಗಂಟೆಯ ತುರ್ತನ್ನು ನಿಭಾಯಿಸಲು ಕಲಿಸುವುದು ಅಸಾಧ್ಯವೇನಲ್ಲ.

ಬೇಡದವರ ಬಾಯಿ ಮುಚ್ಚಿಸಲು ಇಂಜೆಕ್ಷನ್ ಬಳಕೆಯಾದೀತೆಂಬ ಭಯಕ್ಕೂ ಆಧಾರವಿದೆ. ಅಮೆರಿಕದ ಕೊಲೊರಾಡೊದಲ್ಲಿ 2019ರಲ್ಲಿ ಪೊಲೀಸರು ನೆಲಕ್ಕೆ ಅದುಮಿ ಹಿಡಿದಿದ್ದ 23 ವರ್ಷದ ಎಲೈಜಾ ಮೆಕ್ಲೇನ್‌ಗೆ ಆಂಬುಲೆನ್ಸ್ ಸಿಬ್ಬಂದಿ ಕೆಟಮಿನ್ ಎಂಬ ಮಂಪರು ಔಷಧವನ್ನು ತೂಕಕ್ಕೆ ಮೀರಿ ಕೊಟ್ಟರು, ಅವರು ಬದುಕಲಿಲ್ಲ. 2023ರಲ್ಲಿ ಇಬ್ಬರು ಸಿಬ್ಬಂದಿ ತಪ್ಪಿತಸ್ಥರೆಂದು ಸಾಬೀತಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಇಂಥ ಬಳಕೆಗೆ ಗಡಿ ಹಾಕಿದೆ. ಪ್ರಾಣಾಪಾಯ ಅಥವಾ ಗಂಭೀರ ಹಾನಿಯ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡಬಹುದು, ಅದೂ ಹೆಚ್ಚೆಂದರೆ 72 ಗಂಟೆ. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಒಪ್ಪಿಗೆ ಪಡೆಯಬೇಕು. ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಸಿಬ್ಬಂದಿ ಸಾಲದೆಂದೋ ಶಿಕ್ಷೆಯೆಂದೋ ರೋಗಿಯನ್ನು ಕಟ್ಟಿಹಾಕುವಂತಿಲ್ಲ. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದ ದೇಶವಿದು.

ಹಾಗಾಗಿ ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಔಷಧಗಳು, ಆಕ್ಸಿಮೀಟರ್, ಗೋಡೆಗೆ ಅಂಟಿಸಿದ ಒಂದು ಪುಟದ ಕನ್ನಡ ಸೂಚನೆ ಸದಾ ಇರುವಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕು. ಮನೆಯವರೂ ತಮ್ಮ ಪಾಲಿನ ಕೆಲಸ ಮಾಡಬೇಕು: 108ಕ್ಕೆ ಕರೆ ಮಾಡಿ, ರೋಗಿ ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ, ಕುಡಿತ, ಕೀಟನಾಶಕ, ಬಿದ್ದ ಪೆಟ್ಟು ಯಾವುದನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಿ. ಮನಸ್ಸಿನ ತೊಂದರೆ ಇಷ್ಟು ಉಲ್ಬಣಿಸುವ ಮೊದಲೇ ಸಲಹೆ ಬೇಕಿದ್ದರೆ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416.